ಒರಾಕಲ್ ಪ್ಯಾಚ್: ಬಿಡಿಯೋ, ತಿಂಗಳದ್ದೋ, ಮೂರು ತಿಂಗಳದ್ದೋ?

ಮೊದಲೇ ಹೇಳಿಬಿಡುತ್ತೇನೆ, ಒರಾಕಲ್ ಡೇಟಾಬೇಸಿನ ಬಗ್ ಸರಿಮಾಡಲು ಹಾಕುವ ಪ್ಯಾಚ್‌ಗಳಲ್ಲಿ ನನ್ನ ಓಟು ಮೂರು ತಿಂಗಳಿಗೊಮ್ಮೆ ಬರುವ ರಿಲೀಸ್ ಅಪ್‌ಡೇಟ್‌ಗೆ, ಅಂದರೆ ಆರ್‌ಯುಗೆ. ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒರಾಕಲ್ ಡೇಟಾಬೇಸಿನ 19ಸಿ ಆವೃತ್ತಿ ನೋಡಿಕೊಳ್ಳುವುದು ನನ್ನ ಕೆಲಸ. ಮೂರು ಬಗೆಯ ಪ್ಯಾಚನ್ನೂ ಅಲ್ಲಿನ ಲಿನಕ್ಸ್ ಸರ್ವರ್‌ಗೆ ಹಾಕಿ ನೋಡಿದ್ದೇನೆ.

ಬಿಡಿ ಪ್ಯಾಚ್ ಮೊದಲಿಗೆ ಹಗುರ ಅನಿಸುತ್ತದೆ. ಒಂದು ಬಗ್, ಅದಕ್ಕೊಂದು ಫಿಕ್ಸ್, ಬೇರೇನೂ ಮುಟ್ಟುವುದಿಲ್ಲ. ಕಷ್ಟ ಗೊತ್ತಾಗುವುದು ಮುಂದಿನ ಆರ್‌ಯು ಹಾಕಲು ಹೋದಾಗ. ನಮ್ಮಲ್ಲಿ ಹಿಂದಿದ್ದ ಗುತ್ತಿಗೆಯವರು ಇಂಥವನ್ನು ಸುಮ್ನೆ ಹಾಕುತ್ತಾ ಹೋಗಿದ್ದರು. ಯಾವುದು ಯಾಕೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಪ್ಯಾಚ್ ಹಾಕುವ ಒರಾಕಲ್ ಟೂಲ್ ಓಪ್ಯಾಚ್. ಅದರ 'ಓಪ್ಯಾಚ್ ಎಲ್‌ಎಸ್‌ಪ್ಯಾಚಸ್' ಕಮಾಂಡ್ ಕೊಟ್ಟರೆ ಕಾಣುವುದು ಪ್ಯಾಚ್ ನಂಬರ್, ಪಕ್ಕದಲ್ಲಿ ಒಂದು ಸಾಲಿನ ವಿವರ, ಅಷ್ಟೇ. ಒಂದೊಂದು ನಂಬರನ್ನೂ ಸಪೋರ್ಟ್ ಸೈಟಿನಲ್ಲಿ ಹುಡುಕಿ ಓದಬೇಕಾಯಿತು.

ಆಮೇಲೆ ಕಾನ್‌ಫ್ಲಿಕ್ಟ್ ಚೆಕ್, ಅಂದರೆ ಹಳೆಯ ಪ್ಯಾಚಿಗೂ ಹೊಸದಕ್ಕೂ ಜಗಳ ಇದೆಯಾ ಅಂತ ನೋಡುವುದು. ಬಿಡಿ ಪ್ಯಾಚಿನ ಫಿಕ್ಸ್ ಹೊಸ ಆರ್‌ಯುನಲ್ಲೇ ಸೇರಿದ್ದರೆ ಓಪ್ಯಾಚ್ ಹಳೆಯದನ್ನು ತಾನೇ ತೆಗೆಯುತ್ತದೆ, ತಕರಾರಿಲ್ಲ. ಸೇರಿಲ್ಲ, ಆದರೆ ಎರಡೂ ಒಂದೇ ಫೈಲ್ ಮುಟ್ಟುತ್ತವೆ ಅಂದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಆ ಆರ್‌ಯುಗೆಂದೇ ಮಾಡಿದ ಅದೇ ಫಿಕ್ಸ್ ಸಿಗುತ್ತದಾ ನೋಡಬೇಕು. ಇಲ್ಲದಿದ್ದರೆ ಕೇಳಿ ಕಾಯಬೇಕು. ಅಲ್ಲಿಯವರೆಗೆ ಆರ್‌ಯು ಜೊತೆ ಬಂದ ಸೆಕ್ಯುರಿಟಿ ಫಿಕ್ಸ್‌ಗಳೂ ಕಾಯುತ್ತವೆ! ಒಂದು ರಿಪೋರ್ಟ್ ಸರಿಮಾಡಲು ಹಾಕಿದ್ದು ಇಡೀ ಡೇಟಾಬೇಸನ್ನು ಹಿಡಿದು ನಿಲ್ಲಿಸುವುದು ಸರಿಯಲ್ಲ, ಅಲ್ವಾ? ಕೆಲಸ ನಿಂತೇಹೋಗುವಂಥ ಬಗ್‌ಗೆ ಬಿಟ್ಟರೆ ಬಿಡಿ ಪ್ಯಾಚ್ ಬೇಡ.

ತಿಂಗಳ ಪ್ಯಾಚ್, ಅಂದರೆ ಎಮ್‌ಆರ್‌ಪಿ, 19.17 ನಂಬರಿನ ಆರ್‌ಯುನಿಂದ ಶುರುವಾಯಿತು. ಆಯಾ ಆರ್‌ಯು ಮೇಲೆ ಹಾಕಲು ಒರಾಕಲ್ ತಾನೇ ಆರಿಸಿಕೊಡುವ ಬಿಡಿ ಫಿಕ್ಸ್‌ಗಳ ಕಟ್ಟು ಅದು. ಲಿನಕ್ಸ್‌ಗೆ ಮಾತ್ರ. ಚೆನ್ನಾಗೇ ಇದೆ. ಆದರೆ ತಿಂಗಳು ತಿಂಗಳು ಟೆಸ್ಟ್ ಮಾಡಿ ಡೌನ್‌ಟೈಮ್ ಕೇಳುವುದು ನನ್ನೊಬ್ಬನಿಂದ ಆಗದ ಕೆಲಸ.

ಆರ್‌ಯು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಮೂರನೇ ಮಂಗಳವಾರ ಬರುತ್ತದೆ. ಹಿಂದಿನದೆಲ್ಲ ಸೇರಿಯೇ ಇರುವುದರಿಂದ 19.24ರಿಂದ ನೇರ 19.28ಕ್ಕೆ ಹೋಗಬಹುದು. ನಮಗೆ ಇದೇ ದೊಡ್ಡ ಅನುಕೂಲ. ನವೆಂಬರ್‌ಗೆ ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್, ಆಮೇಲೂ ಕ್ಯೂರಿಂಗ್ ನಡೆಯುತ್ತದೆ. ಆಗ ಸರ್ವರ್ ನಿಲ್ಲಿಸುತ್ತೇನೆ ಅಂದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ನಾನು ಜುಲೈದನ್ನು ಮಳೆಗಾಲದಲ್ಲಿ, ಅಕ್ಟೋಬರ್‌ದನ್ನು ಕೊಯ್ಲಿಗೆ ಮುಂಚೆ ಹಾಕುತ್ತೇನೆ. ಉಳಿದೆರಡು ಬಂದಾಗ ಒರಾಕಲ್ ಹೊರಡಿಸುವ ಸೆಕ್ಯುರಿಟಿ ಅಡ್ವೈಸರಿ ಓದುತ್ತೇನೆ. ಲಾಗಿನ್ ಇಲ್ಲದೆ ನೆಟ್‌ವರ್ಕ್‌ನಿಂದಲೇ ನುಗ್ಗಬಹುದಾದ ತೂತು ನಾವು ಬಳಸುವ ಭಾಗದಲ್ಲಿದ್ದರೆ ಸೀಸನ್ ನೋಡುವುದಿಲ್ಲ, ಆ ಭಾನುವಾರವೇ ಹಾಕುತ್ತೇನೆ.

ಹಾಕುವುದೂ ಹಳೆಯ ಒರಾಕಲ್ ಹೋಮ್‌ಗಲ್ಲ, ಅಂದರೆ ಒರಾಕಲ್ ಸಾಫ್ಟ್‌ವೇರ್ ಈಗಿರುವ ಫೋಲ್ಡರ್‌ಗಲ್ಲ. ಪಕ್ಕದಲ್ಲಿ ಹೊಸ ಹೋಮ್ ಮಾಡಿ, ಅದಕ್ಕೆ ಆರ್‌ಯು ಹಾಕಿಟ್ಟು, ಡೇಟಾಬೇಸನ್ನು ಅಲ್ಲಿಗೆ ತಿರುಗಿಸುತ್ತೇನೆ. ಖರ್ಚು ಡಿಸ್ಕ್ ಜಾಗ ಮಾತ್ರ. ಏನಾದರೂ ಕೈಕೊಟ್ಟರೆ ಹಳೆಯ ಹೋಮ್‌ಗೆ ಮರಳಿ ಅಲ್ಲಿಂದ ಡೇಟಾಪ್ಯಾಚ್ (ಪ್ಯಾಚಿನ ಎಸ್‌ಕ್ಯೂಎಲ್ ಬದಲಾವಣೆಗಳನ್ನು ಡೇಟಾಬೇಸ್ ಒಳಗೆ ಹೊಂದಿಸುವ ಟೂಲ್) ಓಡಿಸಿದರಾಯಿತು. ಹೊಸದಕ್ಕೆ ಹೋದಾಗಲೂ ಡೇಟಾಪ್ಯಾಚ್ ಬಿಡಬೇಡಿ. ಅದರ ದಾಖಲೆ ಇರುವ 'ಡಿಬಿಎ_ರಿಜಿಸ್ಟ್ರಿ_ಎಸ್‌ಕ್ಯೂಎಲ್‌ಪ್ಯಾಚ್' ಎಂಬ ವ್ಯೂ ನೋಡಿ, ಸ್ಟೇಟಸ್ 'ಸಕ್ಸೆಸ್' ಬಂದ ಮೇಲಷ್ಟೇ ಯೂಸರ್‌ಗಳನ್ನು ಒಳಗೆ ಬಿಡಿ.