ಉದ್ಯಮಬಾಗದ ಆಫೀಸಿಗೆ ಯಾವ ಕೇಬಲ್? ಎಳೆಸಿ ನೋಡಿದ ಮೇಲಿನ ಹೋಲಿಕೆ

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಮುಂದೆ ಆಫೀಸು, ಹಿಂದೆ ಶೆಡ್ಡು, ನಡುವೆ ಲಾರಿ ತಿರುಗುವಷ್ಟು ಅಂಗಳ. ಟ್ಯಾಲಿ, ಕ್ಯಾಡ್ ಡ್ರಾಯಿಂಗು, ಕ್ಯಾಮೆರಾ ಎಲ್ಲಾ ಒಂದೇ ನೆಟ್‌ವರ್ಕಿನ ಮೇಲೆ. ಹಳೇ ವೈರಿಂಗ್ ಕಿತ್ತು ಹೊಸದು ಹಾಕಿಸುವಾಗ ಬೇರೆ ಬೇರೆ ಬಗೆಯ ಕೇಬಲ್ ಎಳೆಸಿ ನೋಡಿದೆವು. ನೆಟ್‌ವರ್ಕ್ ಕೇಬಲ್‌ನ ದರ್ಜೆಗಳಲ್ಲಿ ಕ್ಯಾಟ್ 5ಇ ಹಾಕಿಸಲಾ, ಅದಕ್ಕೂ ಮೇಲಿನ ಕ್ಯಾಟ್ 6 ಹಾಕಿಸಲಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಒಳಗಿರುವುದು ತಾಮ್ರವೇನಾ ಅನ್ನುವುದು ಮೊದಲನೆಯದು.

ಪೇಟೆಯಲ್ಲಿ ಸಿಸಿಎ ಅಂತ ಒಂದು ಕೇಬಲ್ ಸಿಗುತ್ತದೆ. ಅಲ್ಯೂಮಿನಿಯಂ ತಂತಿ, ಮೇಲೆ ತಾಮ್ರದ ತೆಳು ಲೇಪ. ರೇಟು ಹೆಚ್ಚುಕಡಿಮೆ ಅರ್ಧ. "ಇದೂ ಕ್ಯಾಟ್ ಸಿಕ್ಸೇ ಐತ್ರಿ ಸಾಹೇಬ್ರ, ಸುಮ್ನ ಯಾಕ ಜಾಸ್ತಿ ರೊಕ್ಕ ಹಾಕ್ತೀರಿ" ಎಂದರು ಅಂಗಡಿಯವರು. ಪೆಟ್ಟಿಗೆ ಮೇಲೂ ಹಾಗೇ ಅಚ್ಚಾಗಿತ್ತು. ಆದರೆ ಈ ದರ್ಜೆಗಳನ್ನು ಗೊತ್ತುಮಾಡುವ ಅಮೆರಿಕದ ದೂರಸಂಪರ್ಕ ಉದ್ಯಮ ಸಂಘ ಟಿಐಎದ ಮಾನದಂಡದ ಪ್ರಕಾರ ತಂತಿ ತಾಮ್ರದ್ದೇ ಇರಬೇಕು. ಅಲ್ಯೂಮಿನಿಯಂ ಇದ್ದರೆ ಅದಕ್ಕೆ ಕ್ಯಾಟ್ 6 ಅನ್ನುವ ಹಕ್ಕೇ ಇಲ್ಲ. ಹೋಲಿಕೆಗೆ ಇರಲಿ ಅಂತ ಒಂದು ಪೆಟ್ಟಿಗೆ ತಂದೆವು.

ಗೇಟಿನ ಬಳಿ ತಿರುಗುವ ಕ್ಯಾಮೆರಾ ಇದೆ. ಎಲ್ಲಾ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಸ್ವಿಚ್‌ನಿಂದ ಅಲ್ಲಿಗೆ ಸುಮಾರು 90 ಮೀಟರ್. ಅದಕ್ಕೆ ಕರೆಂಟು ಹೋಗುವುದೂ ಅದೇ ಕೇಬಲ್‌ನಲ್ಲೇ, ಅಂದರೆ ಪಿಒಇ. ಸಿಸಿಎ ಹಾಕಿದಾಗ ಹಗಲಿಡೀ ಚೆನ್ನಾಗಿಯೇ ಓಡಿತು. ಕತ್ತಲಾದರೆ ಶುರು. ಇನ್‌ಫ್ರಾರೆಡ್ ದೀಪ ಹೊತ್ತಿಕೊಳ್ಳುತ್ತದೆ, ಅದೇ ಹೊತ್ತಿಗೆ ಕ್ಯಾಮೆರಾ ತಿರುಗಲು ಹೋಗುತ್ತದೆ, ಆಗಲೇ ಆಫ್ ಆಗಿ ಮತ್ತೆ ಆನ್. ಕಾರಣ ಸರಳ. ಪಿಒಇಯಲ್ಲೇ ಹೆಚ್ಚು ಪವರ್ ಕೊಡುವ ಬಗೆಯಾದ ಪಿಒಇ ಪ್ಲಸ್‌ನಲ್ಲಿ ಸ್ವಿಚ್ 30 ವ್ಯಾಟ್ ಕೊಟ್ಟರೆ ಕೊನೆಯಲ್ಲಿ 25.5 ವ್ಯಾಟ್ ಮುಟ್ಟಬೇಕು ಅನ್ನುವುದು ಲೆಕ್ಕ. ಸಿಸಿಎ ತಂತಿಯ ರೆಸಿಸ್ಟೆನ್ಸ್ ಅಷ್ಟೇ ದಪ್ಪದ ತಾಮ್ರದ ಒಂದೂವರೆ ಪಟ್ಟು. ಕಳಪೆ ಪೆಟ್ಟಿಗೆಯಲ್ಲಿ ತಂತಿಯೂ ತೆಳ್ಳಗಿರುತ್ತದೆ. ಹಾಗಾಗಿ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ. ಅದೇ ಪೈಪಿನಲ್ಲಿ ತಾಮ್ರದ ಕೇಬಲ್ ಎಳೆಸಿದೆವು, ಕ್ಯಾಮೆರಾ ಅದೇ, ಸ್ವಿಚ್ಚೂ ಅದೇ. ಕಾಟ ನಿಂತಿತು.

ಗುರುತು ಹಿಡಿಯುವುದು ಕಷ್ಟವಲ್ಲ. ಒಂದು ಎಳೆಯ ಸಿಪ್ಪೆ ಬಿಡಿಸಿ ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರ ಎಷ್ಟು ಕೆರೆದರೂ ಕೆಂಪಗೇ ಇರುತ್ತದೆ. ಸಿಸಿಎ ಎರಡು ಸಲ ಕೆರೆದರೆ ಬೆಳ್ಳಗೆ ಹೊಳೆಯುತ್ತದೆ. ನಾಲ್ಕಾರು ಸಲ ಅತ್ತಿತ್ತ ಬಗ್ಗಿಸಿದರೆ ಪಟ್ಟಂತ ಮುರಿಯುತ್ತದೆ. ಕ್ರಿಂಪ್ ಮಾಡಿದ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದ ಜಾಕ್ ಕೆಲವು ತಿಂಗಳಲ್ಲಿ ಸಡಿಲವಾಗುವುದಕ್ಕೂ ಇದೇ ಮೂಲ. ಮಲ್ಟಿಮೀಟರ್ ಇದ್ದರೆ ಇನ್ನೂ ಪಕ್ಕಾ. ಕೇಬಲ್ ಒಳಗೆ ಎರಡೆರಡಾಗಿ ಹೆಣೆದ ನಾಲ್ಕು ಜೋಡಿ ಎಳೆ ಇರುತ್ತವೆ. ದೂರದ ತುದಿಯಲ್ಲಿ ಒಂದು ಜೋಡಿಯ ಎರಡೂ ಎಳೆಗಳನ್ನು ಹೆಣೆದು, ಈ ತುದಿಯಲ್ಲಿ ಓಮ್ ಅಳೆಯಿರಿ. ಒಳ್ಳೆಯ ಕ್ಯಾಟ್ 6 ಆದರೆ 100 ಮೀಟರಿಗೆ 14ರ ಆಸುಪಾಸು ಬರುತ್ತದೆ. 19 ದಾಟಿತೋ, ಪೆಟ್ಟಿಗೆ ವಾಪಸ್.

ಇನ್ನು ಕ್ಯಾಟ್ 5ಇ ಮತ್ತು ಕ್ಯಾಟ್ 6. ಎರಡೂ ಶುದ್ಧ ತಾಮ್ರದವನ್ನೇ ತಗೊಂಡು ಅಕೌಂಟ್ಸ್ ರೂಮಿಗೆ ಒಂದು, ಡ್ರಾಯಿಂಗ್ ರೂಮಿಗೆ ಒಂದು ಹಾಕಿಸಿದೆವು. ಸರ್ವರ್‌ನಿಂದ ದೊಡ್ಡ ಫೈಲ್ ಕಾಪಿ ಮಾಡಿದರೆ ಎರಡರಲ್ಲೂ ಸೆಕೆಂಡಿಗೆ 110 ಎಂಬಿ (ಮೆಗಾಬೈಟ್) ಸುಮಾರು. ಫರಕೇ ಇಲ್ಲ, ಇರಬೇಕಾಗಿಯೂ ಇಲ್ಲ. ಸ್ವಿಚ್ 1 ಗಿಗಾಬಿಟ್‌ದು, ಅದನ್ನು ಎರಡು ಕೇಬಲ್ಲೂ 100 ಮೀಟರ್ ಒಯ್ಯುತ್ತವೆ. ಕ್ಯಾಟ್ 6 ಹಾಕಿದರೆ ಇಂಟರ್‌ನೆಟ್ ಫಾಸ್ಟ್ ಆಗುತ್ತದೆ ಅನ್ನುವವರ ಮಾತು ನಂಬಬೇಡಿ. ಕಾಪಿ 11 ಎಂಬಿಗೆ ಇಳಿದಿದ್ದರೆ ಮೊದಲು ಜಾಕ್ ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, ಒಂದು ಎಳೆ ಕೈಕೊಟ್ಟರೂ 100 ಮೆಗಾಬಿಟ್‌ಗೆ ಇಳಿಯಬಹುದು.

ಹಾಗಿದ್ದೂ ನಾವು ಉಳಿದ ಕಡೆಯೆಲ್ಲ ಕ್ಯಾಟ್ 6 ಹಾಕಿಸಿದೆವು. ಕೂಲಿ ಎರಡಕ್ಕೂ ಒಂದೇ, ಗೋಡೆ ಕೊರೆಯುವ ಧೂಳೂ ಒಂದೇ. ಕ್ಯಾಟ್ 6ರ ತಂತಿ ಒಂಚೂರು ದಪ್ಪ, ನಡುವೆ ಜೋಡಿಗಳನ್ನು ಬೇರೆ ಮಾಡುವ ಪ್ಲಾಸ್ಟಿಕ್ ಇರುತ್ತದೆ, ಮುಂದೆ 10 ಗಿಗಾಬಿಟ್ ಸ್ವಿಚ್ ತಂದರೆ ಸುಮಾರು 55 ಮೀಟರ್‌ವರೆಗೆ ನಡೆಯುತ್ತದೆ. ಆದರೆ ಜಾಕ್, ಸ್ವಿಚ್ ಬಳಿ ಕೇಬಲ್‌ಗಳು ಬಂದು ಕೂರುವ ಪ್ಯಾಚ್ ಪ್ಯಾನೆಲ್ಲೂ ಕ್ಯಾಟ್ 6ರವೇ ಆಗಬೇಕು. ಜಾಕ್ ಕೂರಿಸುವಾಗ ಜೋಡಿಯ ಹೆಣಿಕೆಯನ್ನು 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬಾರದು. ನಮ್ಮ ವೈರ್‌ಮನ್ ಕೈಗೆ ಸಲೀಸಾಗಲಿ ಅಂತ ಬೆರಳುದ್ದ ಬಿಚ್ಚುತ್ತಿದ್ದ. ಪಕ್ಕದಲ್ಲಿ ನಿಂತು ಹೇಳಬೇಕಾಯಿತು.

ಇನ್ನೂ ಮೇಲಿನ ದರ್ಜೆಯ ಕ್ಯಾಟ್ 6ಎ ಒಂದೇ ಲೈನ್ ಎಳೆಸಿದೆವು. 10 ಗಿಗಾಬಿಟ್ ಪೂರಾ 100 ಮೀಟರ್ ಹೋಗುತ್ತದೆ, ಸುಳ್ಳಲ್ಲ. ಆದರೆ ಗಟ್ಟಿ ಕೇಬಲ್. ಕೇಸಿಂಗ್ ಪಟ್ಟಿಯ ಮೂಲೆಯಲ್ಲಿ ಬಗ್ಗಲು ಒಲ್ಲೆ ಅನ್ನುತ್ತದೆ, ಮುಚ್ಚಳ ಕೂರುವುದಿಲ್ಲ. ನಮ್ಮಂಥ ಆಫೀಸಿಗೆ ದಂಡ.

ಉದ್ಯಮಬಾಗದಲ್ಲಿ ಮೋಟಾರು, ವೆಲ್ಡಿಂಗ್ ಮಷಿನ್ನು ಬಹಳ. ಅದಕ್ಕೇ ಶೀಲ್ಡ್, ಅಂದರೆ ಲೋಹದ ಹೊದಿಕೆ ಇರುವ ಎಸ್‌ಟಿಪಿ ಕೇಬಲನ್ನೇ ಹಾಕಿಸಿ ಅಂತ ಸಲಹೆ ಬಂತು. ಶೆಡ್ಡಿನ ಸಿಎನ್‌ಸಿ ಮಷಿನ್‌ಗೆ ಪವರ್ ಕೇಬಲ್ ಜೊತೆಯಲ್ಲೇ ಹೋಗುತ್ತಿದ್ದ ಯುಟಿಪಿ (ಶೀಲ್ಡ್ ಇಲ್ಲದ) ಲೈನಿನಲ್ಲಿ ಡೇಟಾ ಎರರ್ ಏರುತ್ತಿದ್ದದ್ದು ಸ್ವಿಚ್‌ನಲ್ಲಿ ಕಾಣುತ್ತಿತ್ತು, ನಿಜ. ಅದನ್ನು ಪವರ್ ಕೇಬಲ್‌ನಿಂದ ಒಂದಡಿ ದೂರ ಸರಿಸಿ, ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಿಸಿದೆವು. ಎರರ್ ಏರುವುದು ನಿಂತಿತು. ಎಸ್‌ಟಿಪಿಗೆ ಲೋಹದ ಜಾಕ್ ಬೇಕು, ರ್‍ಯಾಕ್‌ಗೆ ಗಟ್ಟಿ ಅರ್ಥಿಂಗ್ ಬೇಕು. ಅರ್ಥಿಂಗ್ ಇಲ್ಲದ ಶೀಲ್ಡು ಆಂಟೆನಾ ಥರ ಗದ್ದಲವನ್ನೇ ಹಿಡಿದು ತರಬಹುದು. ಜಾಗ ಇದ್ದರೆ ದೂರ ಸರಿಸುವುದೇ ಅಗ್ಗ.

ಅಂಗಳ ದಾಟಿ ಶೆಡ್ಡಿಗೆ ಮಾತ್ರ ಫೈಬರ್. ಇದರಲ್ಲಿ ನನಗೆ ಎರಡು ಮಾತಿಲ್ಲ. ಮೊದಲು ಅಲ್ಲಿ ತಾಮ್ರವೇ ಇತ್ತು. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ ಬಂದಾಗ ಸ್ವಿಚ್‌ನ ಪೋರ್ಟ್ ಸುಡುತ್ತಿದ್ದವು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹೊರಗವಚದ ಜೊತೆ ಲೋಹದ ತಂತಿ ಇರದ ಕೇಬಲ್ ಕೇಳಿ ತಗೊಳ್ಳಿ ಅಷ್ಟೇ. ಗೇಟಿನ ಕ್ಯಾಮೆರಾಕ್ಕೆ ಕರೆಂಟೂ ಹೋಗಬೇಕಲ್ವಾ, ಅಲ್ಲಿ ಬಿಸಿಲು-ಮಳೆ ತಡೆಯುವ ಕಪ್ಪು ಕವಚದ ತಾಮ್ರದ ಕೇಬಲ್ಲೇ ಉಳಿಯಿತು, ಜೊತೆಗೆ ಸರ್ಜ್ ಪ್ರೊಟೆಕ್ಟರ್. ಫೈಬರ್ ದುಬಾರಿ ಅನ್ನುವ ಕಾಲವೂ ಹೋಯಿತು. ಮನೆ ಮನೆಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಇಟ್ಟುಕೊಂಡ ಹುಡುಗರು ಊರಲ್ಲೇ ಸಿಗುತ್ತಾರೆ. ನಾವು 4 ಕೋರಿನ, ಅಂದರೆ ನಾಲ್ಕು ಗಾಜಿನ ಎಳೆಯ, ಸಿಂಗಲ್ ಮೋಡ್ ಬಗೆಯ ಫೈಬರ್ ಎಳೆಸಿ ಎರಡನ್ನೇ ಬಳಸುತ್ತಿದ್ದೇವೆ. ಎರಡೂ ತುದಿಗೆ ಫೈಬರಿನ ಬೆಳಕಿನ ಸಿಗ್ನಲನ್ನು ತಾಮ್ರದ ಕೇಬಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಇದೆ. ಶೆಡ್ಡಿನ ಕನ್ವರ್ಟರಿನ ಅಡಾಪ್ಟರ್ ಯುಪಿಎಸ್ ಮೇಲೆ ಇರಲಿ. ಇಲ್ಲದಿದ್ದರೆ ಕರೆಂಟು ಹೋದಾಗ ಆಫೀಸು ನಡೆಯುತ್ತಿರುತ್ತದೆ, ಶೆಡ್ಡಿನ ಕ್ಯಾಮೆರಾ ಮಾತ್ರ ಕಾಣೆ.