ಯಾವ ಬ್ಯಾಟ್‌ಮನ್ ಮೊದಲು: 1989ರದ್ದೋ, 2008ರದ್ದೋ?

ಇರೋದು ಒಂದೇ ರಾತ್ರಿ, ಯಾವುದು ನೋಡಲಿ ಅಂತ ಕೇಳಿದ್ದೀರಿ. ಸಮಯ ಕಮ್ಮಿಯಿದ್ದರೆ 1989ರ, ಟಿಮ್ ಬರ್ಟನ್ ನಿರ್ದೇಶನದ ‘ಬ್ಯಾಟ್‌ಮನ್’, 126 ನಿಮಿಷ. 2008ರ, ಕ್ರಿಸ್ಟೋಫರ್ ನೋಲನ್‌ರ ‘ದಿ ಡಾರ್ಕ್ ನೈಟ್’ 152.

ನೋಟದ ಮಾತಿಗೆ ಬಂದರೆ ಬರ್ಟನ್‌ರದು ಬೇರೆಯೇ ಲೋಕ. ಆಂಟನ್ ಫರ್ಸ್ಟ್ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ, ಬ್ಯಾಟ್‌ಮನ್‌ನ ಊರಾದ ಗಾಥಮ್‌ನ ಕಟ್ಟಡಗಳು ಮೈಮೇಲೇ ಬೀಳುವಂತಿವೆ. ಆ ಕಲಾನಿರ್ದೇಶನಕ್ಕೆ ಆಸ್ಕರ್ ಬಂತು. 1992ರ ಬ್ಯಾಟ್‌ಮನ್ ಅನಿಮೇಷನ್ ಸರಣಿಯವರು ಕಪ್ಪು ಕಾಗದದ ಮೇಲೆ ಹಿನ್ನೆಲೆ ಬರೆದಾಗ ಇದೇ ಕತ್ತಲು ಮುಂದುವರಿಯಿತು. ಕಥೆ ಮಾತ್ರ, ನಿಜ ಹೇಳಬೇಕೆಂದರೆ, ಸ್ವಲ್ಪ ತೆಳು.

ನೋಲನ್ ಷಿಕಾಗೋ ಬೀದಿಯಲ್ಲಿ ನಿಜವಾದ ಲಾರಿಯನ್ನೇ ಮಗುಚಿಸಿದರು. ‘ನಮ್ಮೂರಲ್ಲೂ ನಡೆಯಬಹುದು’ ಅನ್ನಿಸುವ ಸೂಪರ್‌ಹೀರೋ ಚಿತ್ರಗಳಿಗೆ ಧೈರ್ಯ ಕೊಟ್ಟದ್ದು ಇದು. ಹೀತ್ ಲೆಡ್ಜರ್‌ರ ಜೋಕರ್ ಇಂದಿಗೂ ಖಳಪಾತ್ರಗಳ ಅಳತೆಗೋಲು.

ಸೆಟ್ಟು, ಬೆಳಕು ಕಲಿಯುವವರಿಗೆ ಮೊದಲನೆಯದು. ಚಿತ್ರಕಥೆ ಬರೆಯುವವರಿಗೆ ಎರಡನೆಯದು. ಪುಟ್ಟ ಮಕ್ಕಳು ಜೊತೆಗಿದ್ದರೆ ಎರಡೂ ಬೇಡ.