ಎರಡು ಹಂಗಾಮು ಬಿತ್ತಿ ನೋಡಿದ ಭತ್ತದ ಬೀಜ: ಬೆಳೆಸುವ ರೀತಿ ಅಚ್ಚುಕಟ್ಟು, ಮಾರುವ ರೀತಿ ಸರಿಹೋಗಬೇಕು

ಭತ್ತದ ಬಿತ್ತನೆ ಬೀಜ ಬೆಳೆದು ತಾವೇ ಮಾರುವ ರೈತರ ಸಂಘವೊಂದರಿಂದ ಎರಡು ಹಂಗಾಮಿನಿಂದ ಬೀಜ ತರುತ್ತಿದ್ದೇನೆ. ಮೊದಲ ಸಲ ಒಂದು ಚೀಲ, ಎರಡನೇ ಸಲ ಎರಡು. ಮೂರರಲ್ಲಿ ಎರಡು ಬಹಳ ಚೆನ್ನಾಗಿದ್ದವು, ಒಂದು ಕೈ ಕೊಟ್ಟಿತು. ಮೂರರ ಕಥೆಯನ್ನೂ ಬರೆಯುತ್ತೇನೆ, ಯಾಕಂದ್ರೆ ಬೀಜದ ಬಗ್ಗೆ ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಅಂತ ಒಂದು ಸಾಲು ಬರೆದರೆ ತರುವವರಿಗೆ ಏನೂ ಉಪಯೋಗವಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ ತರಬಹುದು. ಬೀಜ ಹಾಗಲ್ಲ. ಕಾಳು ಹೊಳೆಯುತ್ತಿದ್ದರೂ ಒಳಗಿನ ಜೀವ ಹೋಗಿರಬಹುದು, ಚೀಟಿಯಲ್ಲಿರುವ ತಳಿಯೇ ಬೇರೆ, ಚೀಲದಲ್ಲಿರುವುದೇ ಬೇರೆ ಆಗಿರಬಹುದು. ಅದು ಗೊತ್ತಾಗುವಷ್ಟರಲ್ಲಿ ಹಂಗಾಮು ಕೈ ಬಿಟ್ಟಿರುತ್ತದೆ.

ಮೊದಲು ಚೀಲದ ವಿಷಯ. 25 ಕೆಜಿ ಚೀಲ, ಬಾಯಿ ಯಂತ್ರದಲ್ಲಿ ಹೊಲಿದಿತ್ತು, ಪ್ರಮಾಣಿತ ಬೀಜಕ್ಕೆ ಹಾಕುವ ನೀಲಿ ಚೀಟಿ ಹೊಲಿಗೆಯ ಜೊತೆಗೇ ಸೇರಿತ್ತು. ಇದನ್ನು ನೋಡಿಯೇ ತಗೊಳ್ಳಿ. ಚೀಟಿ ಬೇರೆಯಾಗಿ ದಾರದಲ್ಲಿ ನೇತಾಡುತ್ತಿದ್ದರೆ ಅದನ್ನು ಯಾವ ಚೀಲಕ್ಕೆ ಬೇಕಾದರೂ ಕಟ್ಟಬಹುದು, ಅಲ್ವಾ? ಚೀಟಿಯ ಮೇಲೆ ತಳಿ, ಲಾಟ್ ನಂಬರ್ (ಒಂದೇ ರಾಶಿಯಿಂದ ತುಂಬಿದ ಚೀಲಗಳ ಗುರುತು), ಪರೀಕ್ಷೆ ಮಾಡಿದ ದಿನ, ನೂರಕ್ಕೆ ಶುದ್ಧತೆ 98, ಮೊಳಕೆ 80, ತೇವಾಂಶ 13 ಅಂತ ಇತ್ತು. ಇಲ್ಲಿ ನನಗೆ ಒಂದು ತಕರಾರಿದೆ. ಈ ಅಂಕಿಗಳು ಆ ಚೀಲದ ನಿಜವಾದ ಫಲಿತಾಂಶ ಅಲ್ಲ, ಪಾಲಿಸಲೇಬೇಕಾದ ಮಿತಿಗಳು. 81 ಬಂದ ಲಾಟಿಗೂ 95 ಬಂದ ಲಾಟಿಗೂ ಒಂದೇ ಚೀಟಿ. ಪರೀಕ್ಷೆ ಹೇಗೂ ಮಾಡಿಸಿರುತ್ತಾರೆ, ಬಂದ ಅಂಕಿಯನ್ನೇ ಅಚ್ಚು ಹಾಕಿದರೆ ನಾವು ಸಸಿಮಡಿಗೆ ಎಷ್ಟು ಬೀಜ ಚೆಲ್ಲಬೇಕು ಅಂತ ಲೆಕ್ಕ ಹಾಕಿಕೊಳ್ಳಬಹುದು.

ಅದಕ್ಕೇ ನಾನು ಮನೆಯಲ್ಲೇ ಮೊಳಕೆ ಎಣಿಸಿದೆ. ಪ್ರಯೋಗಾಲಯದಲ್ಲಿ 400 ಕಾಳು ತಗೊಂಡು, ನೂರು ನೂರರ ನಾಲ್ಕು ಪಾಲು ಮಾಡಿ, 5ನೇ ದಿನ ಒಂದು ಸಲ, 14ನೇ ದಿನ ಕೊನೆಯ ಸಲ ಎಣಿಸುತ್ತಾರೆ. ನಾನೂ ಹಾಗೇ ಮಾಡಿದೆ, ನಾಲ್ಕು ಒದ್ದೆ ಬಟ್ಟೆಗಳಲ್ಲಿ. ಮೊದಲ ಚೀಲದ್ದು 93, 91, 94, 92. ಇದರಲ್ಲಿ ಹೆಚ್ಚಿನವು 5ನೇ ದಿನಕ್ಕೇ ಒಂದೇ ಅಳತೆಯಲ್ಲಿ ಎದ್ದು ನಿಂತಿದ್ದವು. ನನಗೆ ಖುಷಿ ಕೊಟ್ಟಿದ್ದು ಇದೇ. ಮೊಳಕೆ ನೂರಕ್ಕೆ ಇಷ್ಟು ಅನ್ನುವುದು ಒಂದು ಲೆಕ್ಕ, ಆ ಮೊಳಕೆಗೆ ಕಸುವಿದೆಯಾ ಅನ್ನುವುದು ಇನ್ನೊಂದು. ಇವತ್ತು ನಾಲ್ಕು, ನಾಳೆ ಹತ್ತು ಅಂತ ಎಳೆದಾಡಿಕೊಂಡು ಬರುವ ಬೀಜ ಕೊನೆಗೆ 85 ಮುಟ್ಟಿದರೂ ಮಡಿಯಲ್ಲಿ ಸಸಿ ಏರುಪೇರಾಗುತ್ತದೆ.

ಬಿತ್ತುವ ದಿನ ಉಪ್ಪು ನೀರಿಗೂ ಹಾಕಿದೆ. ಹಸಿ ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿ ಬೀಜ ಸುರಿದರೆ ಜೊಳ್ಳು, ಅರೆಬರೆ ತುಂಬಿದ ಕಾಳು ಮೇಲೆ ಬರುತ್ತವೆ. ಇಡೀ ಚೀಲಕ್ಕೆ ತೇಲಿದ್ದು ಎರಡು ಬೊಗಸೆ ಅಷ್ಟೇ. ಮುಳುಗಿದ್ದನ್ನು ಒಳ್ಳೆ ನೀರಿನಲ್ಲಿ ಎರಡು ಸಲ ತೊಳೆದು ನೆನೆಹಾಕಿದೆ, ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು.

ಈಗ ಬೆರಕೆಯ ಮಾತು. ಸಾವಿರ ಕಾಳು ಸುಮಾರು 25 ಗ್ರಾಂ ತೂಗುವ ತಳಿ ಅಂತಿಟ್ಟುಕೊಳ್ಳಿ. ಕೆಜಿಗೆ 40,000 ಕಾಳು, ಚೀಲಕ್ಕೆ ಹತ್ತು ಲಕ್ಷ. ಸಾವಿರಕ್ಕೆ ಒಂದೇ ಒಂದು ಬೇರೆ ತಳಿಯ ಕಾಳು ಸೇರಿದ್ದರೂ ಗದ್ದೆಗೆ ಸಾವಿರ ಬೆರಕೆ ಕಾಳು ಬಿದ್ದ ಹಾಗೆ. ಒಂದೊಂದೂ ತೆಂಡೆ (ಬುಡದಿಂದ ಏಳುವ ಕವಲು) ಒಡೆದು ತೆನೆ ಬಿಟ್ಟು ನೂರಾರು ಕಾಳು ಕೊಡುತ್ತದೆ. ಕೆಲವು ಮೊದಲೇ ಮಾಗಿ ಉದುರುತ್ತವೆ, ಕೆಲವು ಕೊಯ್ಲಿನ ದಿನವೂ ಹಸಿರಾಗಿರುತ್ತವೆ. ಕಾಡು ಭತ್ತ ಸೇರಿದರಂತೂ ಕಷ್ಟ. ಅದು ಕೊಯ್ಲಿಗೆ ಮುಂಚೆಯೇ ಉದುರಿ, ಮಣ್ಣಲ್ಲಿ ವರ್ಷಗಟ್ಟಲೆ ಕೂತು ಮತ್ತೆ ಮತ್ತೆ ಏಳುತ್ತದೆ.

ಇದನ್ನು ಸಂಘದವರು ಹೇಗೆ ತಡೆಯುತ್ತಾರೆ ಅಂತ ನೋಡಬೇಕಿತ್ತು. ಕೇಳಿದೆ, ಬನ್ನಿ ಅಂದರು. ಹೂವಿನ ಹೊತ್ತಿಗೆ ಹೋದೆ. ಆರು ಜನ ಹೆಣ್ಣುಮಕ್ಕಳು ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು ಸಾಲಾಗಿ ನಡೆಯುತ್ತಿದ್ದರು. ಬಿಸಿಲು ಎದುರಿಗಿದ್ದರೆ ಬಣ್ಣದ ವ್ಯತ್ಯಾಸ ಕಾಣುವುದಿಲ್ಲವಂತೆ. ಅವರಲ್ಲಿ ಹಿರಿಯರೊಬ್ಬರು ನನಗೆ ಏನೂ ಕಾಣದ ಜಾಗದಲ್ಲಿ ನಿಂತು, ಬಗ್ಗಿ, ಒಂದು ಬುಡವನ್ನು ಬೇರು ಸಮೇತ ಕಿತ್ತರು. ‘ನೋಡಪ್ಪ’ ಅಂತ ಕೈಗೆ ಕೊಟ್ಟರು. ಬುಡದ ಹತ್ತಿರ ಎಲೆಯ ಸುತ್ತು ತಿಳಿ ನೇರಳೆ, ಪಕ್ಕದ್ದೆಲ್ಲ ಹಸಿರು. ಕಾಳಿನ ತುದಿಯಲ್ಲಿ ಕೂದಲಿನಂಥ ಸಣ್ಣ ಮೀಸೆ. ‘ಕತ್ತರಿಸಿದರೆ ಆಗಲ್ವಾ ಅಮ್ಮ?’ ಅಂದೆ. ‘ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತೆ, ಕಿತ್ತು ಬದುವಿನಾಚೆ ಒಯ್ಯಬೇಕು’ ಅಂದರು. ತೆಂಡೆ ಒಡೆಯುವಾಗ, ಹೂವಿನಲ್ಲಿ, ಕೊಯ್ಲಿಗೆ ಮುಂಚೆ, ಹೀಗೆ ಮೂರು ಸಲ ಇಡೀ ಗದ್ದೆ ಸುತ್ತುತ್ತಾರೆ. ಈ ಬೀಜ ಮಾಮೂಲಿ ಭತ್ತಕ್ಕಿಂತ ಯಾಕೆ ದುಬಾರಿ ಅನ್ನುವುದು ನನಗೆ ಆ ಬದುವಿನ ಮೇಲೆ ನಿಂತಾಗಲೇ ಅರ್ಥವಾಯಿತು.

ಭತ್ತ ತನ್ನ ಹೂವಿನಲ್ಲೇ ತಾನು ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ಹಾಗಾಗಿ ಪಕ್ಕದ ಗದ್ದೆಯಿಂದ 3 ಮೀಟರ್ ಅಂತರ ಬಿಟ್ಟರೆ ಸಾಕಾಗುತ್ತದೆ. ಇವರು ಬಿಟ್ಟಿದ್ದಾರೆ. ಬೆರಕೆ ಜಾಸ್ತಿ ಆಗುವುದು ಗಾಳಿಯಿಂದ ಅಲ್ಲ, ಕೊಯ್ಲಿನ ಯಂತ್ರ, ಕಣ ಮತ್ತು ಹಳೆ ಚೀಲಗಳಿಂದ. ಒಂದು ತಳಿ ಮುಗಿದ ಮೇಲೆ ಯಂತ್ರದ ಮೂಲೆಮೂಲೆಗೂ ಗಾಳಿ ಹೊಡೆದು, ಮುಂದಿನ ತಳಿಯ ಮೊದಲ ಒಂದೆರಡು ಚೀಲವನ್ನು ಬೀಜಕ್ಕೆ ಸೇರಿಸದೆ ಬೇರೆ ಇಡುತ್ತಾರೆ. ಚೀಲಗಳನ್ನು ಒಳಮೈ ಹೊರಗೆ ಮಾಡಿ ಕೊಡವುತ್ತಾರೆ. ನೋಡಲು ಸಣ್ಣ ಕೆಲಸ, ಆದರೆ ಇದನ್ನು ಬಿಡದೆ ಮಾಡುವವರು ಕಡಿಮೆ.

ನನಗೆ ತುಂಬಾ ಹಿಡಿಸಿದ ಇನ್ನೊಂದು ವಿಷಯ ಅವರ ನೇರ ಮಾತು. ಇದು ಹೈಬ್ರಿಡ್ ಅಲ್ಲ, ಬೆರಕೆ ಕೀಳುತ್ತಾ ಚೆನ್ನಾಗಿ ಒಣಗಿಸಿ ಇಟ್ಟುಕೊಂಡರೆ ಇನ್ನೆರಡು ಮೂರು ಹಂಗಾಮು ನಿಮ್ಮದೇ ಬೀಜ ಬಿತ್ತಬಹುದು ಅಂತ ಅವರಾಗಿಯೇ ಹೇಳಿದರು. ಹೈಬ್ರಿಡ್ ಆದರೆ ಎರಡನೇ ಪೀಳಿಗೆಯಲ್ಲಿ ಗುಣಗಳು ಒಡೆದುಹೋಗುತ್ತವೆ, ಪ್ರತಿ ಸಲ ಕೊಳ್ಳಲೇಬೇಕು. ಮಾರುವವರೇ ‘ಪ್ರತಿ ವರ್ಷ ಬರಬೇಕಿಲ್ಲ’ ಅಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇನ್ನು ಕೈ ಕೊಟ್ಟ ಚೀಲ. ಎರಡನೇ ಹಂಗಾಮಿನಲ್ಲಿ ತಂದ ಎರಡು ಚೀಲಕ್ಕೂ ತಳಿ ಒಂದೇ, ಲಾಟ್ ನಂಬರ್ ಮಾತ್ರ ಬೇರೆ. ಮನೆಗೆ ಬಂದ ಮೇಲೆ ಅದನ್ನು ಗಮನಿಸಿದೆ. ಎರಡನ್ನೂ ಬೇರೆ ಬೇರೆ ಎಣಿಸಿದರೆ ಒಂದು 90 ದಾಟಿತು, ಇನ್ನೊಂದು 71ಕ್ಕೆ ನಿಂತಿತು. ಹೊಸ ಕೊಯ್ಲಿನ ಬೀಜ ಕೆಲವು ವಾರ ನಿದ್ದೆಯಲ್ಲಿರುವುದುಂಟು, ಅಂಥದ್ದಾದರೆ ಕಾಳು ಮೊಳೆಯದಿದ್ದರೂ ಗಟ್ಟಿಯಾಗಿ ಇರುತ್ತದೆ. ಅದಕ್ಕೇ 14 ದಿನವೂ ಕಾದೆ. ಇಲ್ಲಿ ಉಳಿದ ಕಾಳು ಬೆರಳಲ್ಲಿ ಒತ್ತಿದರೆ ಮೆತ್ತಗೆ, ಬೂದು ಬೂಷ್ಟು. ಅದು ನಿದ್ದೆಯಲ್ಲ, ಸಾವು. ಚೀಟಿಯಲ್ಲಿ ಪರೀಕ್ಷೆಯ ದಿನ ನೋಡಿದರೆ ಹಿಂದಿನ ಹಂಗಾಮಿನದ್ದು. ಮಾರದೆ ಉಳಿದಿದ್ದನ್ನು ಮತ್ತೆ ಪರೀಕ್ಷೆ ಮಾಡಿಸದೆ ಕಳಿಸಿದ್ದರು. ಬೀಜದ ತೇವಾಂಶ ನೂರಕ್ಕೆ ಒಂದು ಇಳಿದರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಹಾಗೇ, ಇದು ಬೀಜ ಕಾಪಿಡುವವರ ಹಳೆ ಲೆಕ್ಕ. ಅದೇ ಲೆಕ್ಕ ತಿರುಗಾಮುರುಗಾ ಕೂಡ ನಡೆಯುತ್ತದೆ. ಒಂದು ಮಳೆಗಾಲ ಗಾಳಿಯಾಡುವ ಚೀಲದಲ್ಲಿ ಕಳೆದ ಬೀಜ ತೇವ ಎಳೆದುಕೊಂಡು ಸಾಯುತ್ತದೆ. ಗಾಳಿಯಾಡದ ಒಳಚೀಲ ಹಾಕಿದ್ದರೆ ಉಳಿಯುತ್ತಿತ್ತೋ ಏನೋ.

ಎಣಿಸಿದ ಕಾಳುಗಳ ಫೋಟೋ ತಗೊಂಡು ಹೋದೆ. ಸಂಘದವರು ವಾದ ಮಾಡಲಿಲ್ಲ, ಅದಕ್ಕೆ ಮೆಚ್ಚುಗೆ ಇದೆ. ಆ ಲಾಟನ್ನೇ ವಾಪಸ್ ತರಿಸಿ, ಪರೀಕ್ಷೆಗೆ ಹಾಕಿ, ಬದಲಿ ಚೀಲ ಕೊಟ್ಟರು. ಆದರೆ ಅಷ್ಟಕ್ಕೆ 9 ದಿನ ಹಿಡಿಯಿತು. ಒಂದು ಗದ್ದೆಯ ಸಸಿ ನಾಟಿಗೆ ಬಂದಾಗ ಇನ್ನೊಂದರ ಮಡಿಯಲ್ಲಿ ಇನ್ನೂ ಎರಡೆಲೆ. ನೀರು, ಆಳು, ಕೊಯ್ಲು ಎಲ್ಲವನ್ನೂ ಎರಡೆರಡು ಸಲ ಹೊಂದಿಸಬೇಕಾಯಿತು.

ಮಾರಾಟದಲ್ಲಿ ಇನ್ನೂ ಎರಡು ಕೊರತೆ ಇದೆ. 25 ಕೆಜಿ ಬಿಟ್ಟು ಬೇರೆ ಅಳತೆ ಇಲ್ಲ. ತುಂಡು ಗದ್ದೆಯವರು ಮೂರ್ನಾಲ್ಕು ಜನ ಸೇರಿ ಒಂದು ಚೀಲ ತಗೊಂಡು ಹಂಚಿಕೊಳ್ಳುತ್ತಾರೆ, ಚೀಟಿ ಒಬ್ಬರ ಪಾಲು, ಉಳಿದವರಿಗೆ ಪುರಾವೆಯೇ ಇಲ್ಲ. 5 ಕೆಜಿ, 10 ಕೆಜಿ ಚೀಲ, ಪ್ರತಿಯೊಂದಕ್ಕೂ ಅದರದ್ದೇ ಚೀಟಿ ಬೇಕೇ ಬೇಕು. ಎರಡನೆಯದು, ಯಾವ ತಳಿ ಬೇಕು ಅಂತ ನಮ್ಮನ್ನು ಕೇಳುವುದು ಬಿತ್ತನೆ ಶುರುವಾದಾಗ. ತಳಿ ತಜ್ಞರ ಬೀಜದಿಂದ ಮೂಲ ಬೀಜ, ಅದರಿಂದ ನಮ್ಮ ಕೈಗೆ ಬರುವ ಬೀಜ, ಒಂದೊಂದು ಮೆಟ್ಟಿಲಿಗೂ ಒಂದು ಹಂಗಾಮು ಬೇಕು. ನೆರೆ ಬರುವ ತಗ್ಗು ಗದ್ದೆಗೆ ಸಬ್1 ಜೀನ್ ಇರುವ ತಳಿ, ಅಂದರೆ ಎರಡು ವಾರದ ತನಕ ಪೂರ್ತಿ ಮುಳುಗಿದ್ದರೂ ಚೇತರಿಸಿಕೊಳ್ಳುವಂಥದ್ದು, ಬೇಕು ಅಂತ ನಾನು ಕೇಳಿದಾಗ ಅವರ ಹತ್ತಿರ ಇರಲಿಲ್ಲ, ಇರುವುದಕ್ಕೂ ಸಾಧ್ಯವಿರಲಿಲ್ಲ. ವರ್ಷ ಮುಂಚೆ ಒಂದು ಪಟ್ಟಿ ಬರೆಸಿಕೊಂಡಿದ್ದರೆ ಇರುತ್ತಿತ್ತು.

ಇಷ್ಟೆಲ್ಲ ಹೇಳಿಯೂ ಐದಕ್ಕೆ ನಾಲ್ಕು ಕೊಡುತ್ತೇನೆ. ಮೊದಲ ಚೀಲದ ಗದ್ದೆ ಒಂದೇ ವಾರದಲ್ಲಿ ತೆನೆ ಹೊರಹಾಕಿತು, ಇಡೀ ಗದ್ದೆಯಲ್ಲಿ ನಾನು ಕಿತ್ತ ಬೆರಕೆ ಬುಡ ಹನ್ನೊಂದು. ಮುಂದಿನ ಹಂಗಾಮಿಗೆ ಈಗಲೇ ಎರಡು ಚೀಲಕ್ಕೆ ಹೆಸರು ಬರೆಸಿದ್ದೇನೆ. ಬಿತ್ತನೆಗೆ ಒಂದು ತಿಂಗಳು ಮುಂಚೆಯೇ ಬೇಕು, ಎರಡೂ ಒಂದೇ ಲಾಟಿನದ್ದಾಗಿರಬೇಕು, ಪರೀಕ್ಷೆಯ ದಿನ ಈ ಹಂಗಾಮಿನದ್ದೇ ಇರಬೇಕು ಅಂತ ರಸೀದಿಯ ಹಿಂದೆ ಬರೆಸಿಕೊಂಡು ಬಂದೆ. ನೀವು ಹೋದರೆ ನೀವೂ ಬರೆಸಿಕೊಳ್ಳಿ, ಕೇಳಿದರೆ ಬೇಸರವಿಲ್ಲದೆ ಬರೆದುಕೊಡುತ್ತಾರೆ.